ಎರಡು ಸಲ ಅಳೆದ ಕಾಲರ್

ಆ ಟೈಲರ್ ಕಾಲರಿನ ಅಳತೆಯನ್ನು ಎರಡೆರಡು ಸಲ ತೆಗೆಯಲು ಶುರುಮಾಡಿದ್ದನ್ನು ಮೊದಲು ಗಮನಿಸಿದ್ದು ಅವರ ಹೆಂಡತಿ. ಗಿರಾಕಿಯ ಕುತ್ತಿಗೆಗೆ ಟೇಪು ಸುತ್ತಿ, ಹದಿನೈದೂವರೆ ಎಂದು ಬಾಯಲ್ಲಿ ಹೇಳಿ, ಪುಸ್ತಕದ ಕಡೆ ತಿರುಗುವಷ್ಟರಲ್ಲಿ ಅಂಕಿ ಜಾರಿಹೋಗಿರುತ್ತಿತ್ತು. ಮತ್ತೆ ಟೇಪು, ಮತ್ತೆ ಹದಿನೈದೂವರೆ. ಹಾಗೆಂದು ಮನುಷ್ಯ ಮರೆಗುಳಿಯಾಗಿರಲಿಲ್ಲ. ಗಿರಾಕಿಗಳ ಮುಖ, ಹೆಸರು, ಬಾಕಿ ಎಷ್ಟು, ಹತ್ತು ವರ್ಷದ ಹಿಂದೆ ಯಾರ ಮದುವೆಗೆ ಎಂಥ ಸಫಾರಿ ಹೊಲಿದದ್ದು, ಎಲ್ಲವೂ ನೆನಪಿತ್ತು. ಕಾಜ ಹೊಲಿಯುವಾಗ ಮಾತ್ರ ಬೆರಳು ತಡವರಿಸುತ್ತಿತ್ತು. ಮಾತಾಡಿಸಿದರೆ ಉತ್ತರ ಬರುತ್ತಿತ್ತು, ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತಿನ ನಂತರ.

ಈ ಸಂಗತಿ ನನಗೆ ಹೇಳಿದ್ದು ಉತ್ತರ ಕರ್ನಾಟಕದ ಒಂದು ಎ.ಆರ್.ಟಿ. ಕೇಂದ್ರದಲ್ಲಿ, ಎಂದರೆ ಎಚ್‌ಐವಿಗೆ ಔಷಧಿ ಕೊಡುವ ಕಡೆ, ಆಪ್ತಸಮಾಲೋಚಕಿಯಾಗಿದ್ದ ಗೆಳತಿ. ಊರು ಹೇಳುವುದಿಲ್ಲ, ಕೆಲವು ವಿವರಗಳನ್ನೂ ಬೇಕೆಂದೇ ಆಚೀಚೆ ಮಾಡಿದ್ದೇನೆ. ಗಂಡನಿಗೆ ಬುದ್ಧಿ ಮಂಕಾಗಿದೆಯೇ ಎಂದು ಇವಳು ಕೇಳಿದಾಗ ಆ ಹೆಂಗಸು ಕೊಟ್ಟ ಉತ್ತರ ಇದು: "ಗ್ಯಾನ ಇಲ್ಲಂತಲ್ಲರಿ ಮೇಡಂ, ಗ್ಯಾನ ಐತಿ. ತಡಾ ಆಗಿ ಬರತೈತಿ, ಅಷ್ಟ."

ಎಚ್‌ಐವಿ ಮಿದುಳಿಗೆ ಏನು ಮಾಡುತ್ತದೆ ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿದ ವೈದ್ಯರನ್ನು ನಾನು ಓದಿಲ್ಲ. 1986ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಬ್ರಾಡ್‌ಫರ್ಡ್ ನೇವಿಯಾ, ರಿಚರ್ಡ್ ಪ್ರೈಸ್ ಮತ್ತು ಸಂಗಡಿಗರು ‘ಏಡ್ಸ್ ಡಿಮೆನ್ಷಿಯಾ ಕಾಂಪ್ಲೆಕ್ಸ್’ ಎಂದು ಹೆಸರಿಟ್ಟು ವರ್ಣಿಸಿದ್ದೂ ಇದನ್ನೇ. ಯೋಚನೆ ನಿಧಾನ, ಗಮನ ಚದುರುವುದು, ಕೈಕಾಲು ಒಡ್ಡಾಗುವುದು, ಯಾವುದರಲ್ಲೂ ಉಮೇದು ಇಲ್ಲದಿರುವುದು. ನಾವು ಅಜ್ಜ ಅಜ್ಜಿಯರಲ್ಲಿ ಕಂಡ ಆಲ್‌ಜೈಮರ್ ರೀತಿಯೇ ಬೇರೆ. ಅಲ್ಲಿ ನೆನಪಿನ ಪೆಟ್ಟಿಗೆಯೇ ಬರಿದಾಗುತ್ತ ಹೋಗುತ್ತದೆ, ಮಗಳ ಹೆಸರೂ ಉಳಿಯುವುದಿಲ್ಲ. ಇಲ್ಲಿ ಪೆಟ್ಟಿಗೆಯಲ್ಲಿ ಸಾಮಾನು ಇದೆ, ಕೀಲಿ ತಿರುಗುತ್ತಿಲ್ಲ.

ಈ ವ್ಯತ್ಯಾಸವನ್ನು ಹಿಡಿಯುವ ಪುಟ್ಟ ಪರೀಕ್ಷೆಯೊಂದಿದೆ. ಜಾನ್ಸ್ ಹಾಪ್‌ಕಿನ್ಸ್‌ನ ನೆಡ್ ಸ್ಯಾಕ್ಟರ್ ತಂಡ ಬಾಲ್ಟಿಮೋರ್ ಮತ್ತು ಉಗಾಂಡಾದ ಕಂಪಾಲಾದಲ್ಲಿ ಪ್ರಯೋಗಿಸಿ 2005ರಲ್ಲಿ ಪ್ರಕಟಿಸಿದ್ದು. ಓದುಬರಹ ಬಾರದವರಿಗೂ ಮಾಡಬಹುದು, ಬೇಕಾದದ್ದು ಒಂದು ಮೇಜು, ಒಂದು ಗಡಿಯಾರ. ಮೊದಲು ನಾಲ್ಕು ಪದ ಹೇಳಿ ನೆನಪಿಡಲು ಹೇಳುತ್ತಾರೆ: ನಾಯಿ, ಟೋಪಿ, ಅವರೆ, ಕೆಂಪು. ಆಮೇಲೆ ಎಡಗೈಯವರಲ್ಲದಿದ್ದರೆ ಎಡಗೈಯ ಹೆಬ್ಬೆರಳು ತೋರುಬೆರಳುಗಳನ್ನು ಅಗಲಿಸಿ ಅಗಲಿಸಿ ತಟ್ಟಬೇಕು, ಐದು ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೋ ಅಷ್ಟು. ಹದಿನೈದು ಮುಟ್ಟಿದರೆ ಪೂರ್ಣ ಅಂಕ. ಬಳಿಕ ಮೇಜಿನ ಮೇಲೆ ಮುಷ್ಟಿ, ಅಂಗೈ, ಅಂಗೈಯ ಅಂಚು, ಈ ಮೂರನ್ನು ಅದೇ ಸರದಿಯಲ್ಲಿ ಹತ್ತು ಸೆಕೆಂಡಿನಲ್ಲಿ ನಾಲ್ಕು ಸುತ್ತು. ನಾನೂ ಮನೆಯಲ್ಲಿ ಕೂತು ಮಾಡಿ ನೋಡಿದೆ. ಮೂರನೆಯ ಸುತ್ತಿನಲ್ಲಿ ಅಂಗೈ ಇಡಬೇಕಾದ ಕಡೆ ಅಂಚು ಇಟ್ಟು ಮಗಳಿಂದ ನಗಿಸಿಕೊಂಡೆ. ಕೊನೆಗೆ ಆ ನಾಲ್ಕು ಪದ ಕೇಳುತ್ತಾರೆ. ಒಂದು ಬಿಟ್ಟುಹೋದರೆ ಸುಳಿವು ಕೊಡುತ್ತಾರೆ, "ಅದೊಂದು ಬಣ್ಣ" ಎಂದು. ಸುಳಿವು ಸಿಕ್ಕ ಕೂಡಲೇ "ಕೆಂಪು" ಎಂದರೆ ಅರ್ಧ ಅಂಕ. ಒಟ್ಟು ಹನ್ನೆರಡಕ್ಕೆ ಹತ್ತು ಅಥವಾ ಅದಕ್ಕಿಂತ ಕಡಿಮೆ ಬಂದರೆ ಇನ್ನೂ ವಿವರವಾಗಿ ಪರೀಕ್ಷಿಸಬೇಕು ಎಂದರ್ಥ, ಕಾಯಿಲೆ ಇದೆ ಎಂದಲ್ಲ. ಈ ಅರ್ಧ ಅಂಕ ನನಗೆ ಬಹಳ ಹಿಡಿಸಿತು. ಸುಳಿವಿಗೆ ಪದ ಸಿಕ್ಕಿತು ಎಂದರೆ ಅದು ಒಳಗೇ ಇತ್ತು, ಹುಡುಕುವ ಕೈ ನಿಧಾನವಾಗಿತ್ತು ಎಂದಾಯಿತಲ್ಲ. ಟೈಲರ್ ಹೆಂಡತಿ ಹೇಳಿದ್ದೂ ಅದನ್ನೇ.

ವೈರಸ್ಸು ಅಲ್ಲಿಗೆ ತಲುಪುವುದು ಹೇಗೆ? ರೋಗ ಬಲಿತ ಮೇಲೆ, ಕೊನೆಯ ಹಂತದಲ್ಲಿ ಎಂದು ಬಹಳ ಜನ ಭಾವಿಸುತ್ತಾರೆ. ಅದು ತಪ್ಪು. ಬ್ಯಾಂಕಾಕಿನಲ್ಲಿ ಸೋಂಕು ತಗುಲಿದ ಮೊದಲ ದಿನಗಳಲ್ಲೇ ಪತ್ತೆಯಾದವರ ಬೆನ್ನುನೀರನ್ನು ಪರೀಕ್ಷಿಸಿದಾಗ, ಅಂದಾಜು ಎಂಟನೆಯ ದಿನಕ್ಕೇ ಅದರಲ್ಲಿ ವೈರಸ್ಸಿನ ಆರ್‌ಎನ್‌ಎ ಸಿಕ್ಕಿತು. 2012ರಲ್ಲಿ ಪ್ರಕಟವಾದ ಅಧ್ಯಯನ ಅದು. ಅದಕ್ಕೂ ಹಿಂದೆ, 1992ರಲ್ಲಿ, ಒಂದು ದಾರುಣ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಸ್ಕ್ಯಾನಿಂಗಿಗೆಂದು ರೋಗಿಗೆ ಬಿಳಿರಕ್ತಕಣಗಳನ್ನು ಚುಚ್ಚುವಾಗ ತಪ್ಪಾಗಿ ಎಚ್‌ಐವಿ ಇದ್ದ ಬೇರೊಬ್ಬರ ಕಣಗಳು ಹೋದವು. ಹದಿನೈದು ದಿನಕ್ಕೆ ಆತ ತೀರಿಕೊಂಡಾಗ ಮಿದುಳಿನಲ್ಲಿ ಆಗಲೇ ವೈರಸ್ಸಿತ್ತು.

ಮಿದುಳಿನ ರಕ್ತನಾಳಗಳ ಗೋಡೆ ಸುಲಭಕ್ಕೆ ಯಾರನ್ನೂ ಒಳಬಿಡುವುದಿಲ್ಲ. ಎಷ್ಟೋ ಔಷಧಿಗಳೇ ಆ ಬಾಗಿಲಲ್ಲಿ ನಿಂತುಬಿಡುತ್ತವೆ. ಆದರೆ ಮೊನೊಸೈಟ್ ಎಂಬ ಬಿಳಿರಕ್ತಕಣಗಳಿಗೆ ಪ್ರವೇಶವಿದೆ, ಅವು ಅಲ್ಲಿನ ಕಾವಲಿನವು. ಮದುವೆ ದಿಬ್ಬಣದ ನಡುವೆ ಸೇರಿಕೊಂಡು ಕರೆಯದವನು ಊಟದ ಪಂಕ್ತಿಯಲ್ಲಿ ಕೂತ ಹಾಗೆ, ಈ ಕಣಗಳ ಹೊಟ್ಟೆಯೊಳಗೆ ಅಡಗಿ ವೈರಸ್ಸು ಒಳಗೆ ಇಳಿಯುತ್ತದೆ. ಅಲ್ಲಿಂದ ಮಿದುಳಿನ ಕಾಯಂ ಕಾವಲುಗಾರರಾದ ಮೈಕ್ರೋಗ್ಲಿಯಾ ಕೋಶಗಳಿಗೆ ಹಬ್ಬುತ್ತದೆ.

ಇನ್ನು ಈ ಕಥೆಯ ವಿಚಿತ್ರ. ಯೋಚಿಸುವ, ನೆನಪಿಡುವ, ಬೆರಳು ಆಡಿಸುವ ಕೋಶ ನ್ಯೂರಾನ್, ನಮ್ಮ ಪಠ್ಯಪುಸ್ತಕದ ನರಕೋಶ. ಅದನ್ನು ಎಚ್‌ಐವಿ ಸೋಂಕುವುದೇ ಇಲ್ಲ. ಈ ವೈರಸ್ಸಿಗೆ ಕೋಶದ ಮೈಮೇಲೆ ಸಿಡಿ4 ಎಂಬ ಚಿಲಕ ಬೇಕು, ನರಕೋಶಕ್ಕೆ ಆ ಚಿಲಕವಿಲ್ಲ. ಹಾಗಾದರೆ ಕೆಡುವುದೇಕೆ? ಪಕ್ಕದ ಮನೆಯ ಹೊಗೆಯಿಂದ. ಸೋಂಕಾದ ಮೈಕ್ರೋಗ್ಲಿಯಾ ಕೆರಳಿ ಉರಿಯೂತದ ರಾಸಾಯನಿಕಗಳನ್ನು ಕಾರುತ್ತದೆ. ವೈರಸ್ಸಿನ ಜಿಪಿ120, ಟ್ಯಾಟ್ ಮುಂತಾದ ಪ್ರೋಟೀನು ಚೂರುಗಳು ಸುತ್ತ ಚೆಲ್ಲುತ್ತವೆ. ನರಕೋಶಗಳು ಪರಸ್ಪರ ಮಾತಾಡಲು ಹನಿ ಹನಿಯಾಗಿ ಬಳಸುವ ಗ್ಲುಟಮೇಟ್ ಕೊಡಗಟ್ಟಲೆ ಸುರಿದು, ಪ್ರಚೋದನೆ ಅತಿಯಾಗಿ, ಅವುಗಳ ಕೊಂಬೆಗಳು ಒಣಗಿ ಮುರುಟುತ್ತವೆ. ಕೋಶ ಸಾಯುವುದಕ್ಕೆ ಬಹಳ ಮೊದಲೇ ಸಂಪರ್ಕ ಕಡಿದಿರುತ್ತದೆ. ತೀರಿಕೊಂಡವರ ಮಿದುಳುಗಳನ್ನು ಪರೀಕ್ಷಿಸಿ 1990ರ ದಶಕದಲ್ಲಿ ಲೆಕ್ಕ ಹಾಕಿದವರಿಗೆ ಇದರ ಗುರುತು ಸಿಕ್ಕಿತ್ತು. ಬದುಕಿದ್ದಾಗ ಬುದ್ಧಿ ಎಷ್ಟು ಕುಂದಿತ್ತು ಎಂಬುದಕ್ಕೆ ವೈರಸ್ಸಿನ ಪ್ರಮಾಣಕ್ಕಿಂತ ಕೆರಳಿದ ಕಾವಲು ಕೋಶಗಳ ಸಂಖ್ಯೆಯೇ ಹೆಚ್ಚು ಹೊಂದುತ್ತಿತ್ತು. ಹಾನಿ ಹೆಚ್ಚಾಗಿ ಕಾಣುವುದು ಮಿದುಳಿನ ಆಳದ ಗಂಟುಗಳಲ್ಲಿ ಮತ್ತು ಭಾಗದಿಂದ ಭಾಗಕ್ಕೆ ಸುದ್ದಿ ಒಯ್ಯುವ ಬಿಳಿ ತಂತುಗಳಲ್ಲಿ. ಕೆಲಸದ ವೇಗ, ಒಂದರಿಂದ ಇನ್ನೊಂದಕ್ಕೆ ತಿರುಗುವ ಚುರುಕು, ಎಲ್ಲ ಇವುಗಳದೇ ಉಸ್ತುವಾರಿ. ಟೇಪಿನಿಂದ ಪುಸ್ತಕದ ಕಡೆ ತಿರುಗುವಾಗ ಅಂಕಿ ಬಿದ್ದುಹೋದದ್ದು ಅದಕ್ಕೇ.

ಈಗ ಬೆಂಗಳೂರಿನ ಕಥೆಗೆ ಬರುತ್ತೇನೆ. ನಾನು ಈ ಅಂಕಣ ಬರೆಯಲು ಕೂತದ್ದೇ ಇದನ್ನು ಹೇಳಲು.

1990ರ ದಶಕದಲ್ಲಿ ಅಲ್ಲಿನ ಮಾನಸಿಕ ಮತ್ತು ನರರೋಗಗಳ ಆಸ್ಪತ್ರೆ ನಿಮ್ಹಾನ್ಸ್‌ಗೆ ಎಚ್‌ಐವಿ ಇದ್ದ ರೋಗಿಗಳು ಒಂದೇ ಸಮನೆ ಬರತೊಡಗಿದರು. ಮಿದುಳಿನ ಪೊರೆಗೆ ಕ್ಷಯ, ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ, ಟಾಕ್ಸೋಪ್ಲಾಸ್ಮಾ ಗಂಟು, ಇವು ಧಾರಾಳವಾಗಿ ಕಾಣುತ್ತಿದ್ದವು. ಅಮೆರಿಕದ ಪುಸ್ತಕಗಳು ಪುಟಗಟ್ಟಲೆ ವರ್ಣಿಸಿದ್ದ ಏಡ್ಸ್ ಡಿಮೆನ್ಷಿಯಾ ಮಾತ್ರ ಅಪರೂಪ. ಇದಕ್ಕೆ ಒಂದು ಸರಳ ವಿವರಣೆ ಇತ್ತು, ಕೇಳಿದರೆ ಸಂಕಟವಾಗುವಂಥದು: ಔಷಧಿಯಿಲ್ಲದ ಆ ಕಾಲದಲ್ಲಿ ನಮ್ಮ ರೋಗಿಗಳು ಡಿಮೆನ್ಷಿಯಾ ಬರುವಷ್ಟು ಕಾಲ ಬದುಕುತ್ತಲೇ ಇರಲಿಲ್ಲ, ಅಷ್ಟರೊಳಗೆ ಕ್ಷಯ ಒಯ್ಯುತ್ತಿತ್ತು. ಇನ್ನೊಂದು ಸಾಧ್ಯತೆ, ವೈರಸ್ಸೇ ಬೇರೆ ಇರಬಹುದು. ಅಮೆರಿಕ ಯುರೋಪುಗಳದು ಹೆಚ್ಚಾಗಿ ಬಿ ಪ್ರಭೇದ, ಭಾರತದ್ದು ಬಹುಪಾಲು ಸಿ.

ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ, ನಿಮ್ಹಾನ್ಸ್‌ನ ವೈದ್ಯರ ಜೊತೆ ಸೇರಿ ಈ ಎರಡನೆಯ ದಾರಿ ಹಿಡಿದರು. ಅವರು ನೋಡಿದ್ದು ಟ್ಯಾಟ್ ಎಂಬ ಪ್ರೋಟೀನನ್ನು. ನೂರರ ಆಸುಪಾಸಿನ ಅಮೈನೋ ಆಮ್ಲಗಳ ಒಂದು ಗಿಡ್ಡ ಸರ. ಬಿ ಪ್ರಭೇದದಲ್ಲಿ 30 ಮತ್ತು 31ನೆಯ ಸ್ಥಾನಗಳಲ್ಲಿ ಸಿಸ್ಟೀನ್ ಪಕ್ಕ ಸಿಸ್ಟೀನ್, ಜೋಡಿ. ನಮ್ಮ ಸಿ ಪ್ರಭೇದದಲ್ಲಿ 31ನೆಯದು ಸೆರೀನ್. ಕನ್ನಡದಲ್ಲಿ ಹೇಳುವುದಾದರೆ ‘ಪಕ್ಕ’ದ ಒತ್ತಕ್ಷರ ಬದಲಾಗಿ ‘ಪಕ್ಷ’ ಆದಂತೆ. ಬದಲಾದದ್ದು ಒಂದೇ ವ್ಯಂಜನ. ಆದರೆ ಆ ಜೋಡಿ ಸಿಸ್ಟೀನಿಗೆ ಒಂದು ಕೆಲಸವಿತ್ತು, ಮೊನೊಸೈಟುಗಳನ್ನು ಕರೆದು ಸೇರಿಸುವ ಕೆಲಸ. ಮನೆಗೆ ಬೆಂಕಿ ಬಿದ್ದಾಗ ಇನ್ನಷ್ಟು ಜನರನ್ನು ಕೂಗಿ ಕರೆಯುವವನಂತೆ, ಬಂದವರಲ್ಲಿ ಅರ್ಧ ಜನರ ಕೈಯಲ್ಲಿ ಸೀಮೆಎಣ್ಣೆ. ಜೋಡಿ ಮುರಿದ ಟ್ಯಾಟಿನ ಕೂಗು ಕ್ಷೀಣ ಎಂದು 2004ರಲ್ಲಿ ಆ ತಂಡ ಪ್ರಕಟಿಸಿತು.

ಆಮೇಲೆ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ವಿನಾಯಕ ಪ್ರಸಾದ್ ಅವರ ತಂಡ, ರಂಗ ಅವರ ಸಹಯೋಗದಲ್ಲಿ, ಇಲಿಗಳ ಮೇಲೆ ಪರೀಕ್ಷೆ ಮಾಡಿತು. ಬಿ ವೈರಸ್ಸು ತಗುಲಿದ ಮಾನವ ಕೋಶಗಳನ್ನು ಕೆಲವು ಇಲಿಗಳ ಮಿದುಳಿಗೆ, ಭಾರತದ ಸಿ ವೈರಸ್ಸು ತಗುಲಿದವನ್ನು ಇನ್ನು ಕೆಲವಕ್ಕೆ ಸೇರಿಸಿ, ನೀರು ತುಂಬಿದ ಚಕ್ರವ್ಯೂಹದಲ್ಲಿ ಈಜಲು ಬಿಟ್ಟರು. ಬಿ ಗುಂಪಿನ ಇಲಿಗಳು ದಾರಿ ತಪ್ಪಿದ್ದೇ ಹೆಚ್ಚು. 2008ರ ಫಲಿತಾಂಶ ಇದು. ಒಂದು ಅಮೈನೋ ಆಮ್ಲಕ್ಕೂ ಇಲಿ ದಾರಿ ತಪ್ಪುವುದಕ್ಕೂ ನಡುವೆ ಎಳೆ ಹಿಡಿದು ಹೋದ ಇಂಥ ಕೆಲಸ ಬೆಂಗಳೂರಿನ ಐಟಿ ಸುದ್ದಿಗಳ ಗದ್ದಲದಲ್ಲಿ ನಮಗೆ ಕೇಳಿಸಲೇ ಇಲ್ಲ ಎನ್ನುವುದು ನನ್ನ ಸಣ್ಣ ತಕರಾರು.

ಆದರೆ ಇಲ್ಲಿಗೇ ನಿಲ್ಲಿಸಿದರೆ "ಭಾರತದ ಎಚ್‌ಐವಿ ಮಿದುಳಿಗೆ ಒಳ್ಳೆಯದು" ಎಂಬ ವಾಟ್ಸ್‌ಆ್ಯಪ್ ಸಂದೇಶ ಹುಟ್ಟೀತು. 2007ರಲ್ಲಿ ನಿಮ್ಹಾನ್ಸ್‌ನವರೇ ಇನ್ನೂ ಔಷಧಿ ಶುರುಮಾಡದಿದ್ದ ದಕ್ಷಿಣ ಭಾರತದ 119 ಜನರನ್ನು ವಿವರವಾಗಿ ಪರೀಕ್ಷಿಸಿದ ಫಲಿತಾಂಶ ಬಂತು. ತೀವ್ರ ಕೊರತೆ ಯಾರಲ್ಲೂ ಇರಲಿಲ್ಲ, ನಿಜ. ಆದರೆ ನೂರಕ್ಕೆ ಅರವತ್ತು ಜನರಲ್ಲಿ ಅಲ್ಪದಿಂದ ಮಧ್ಯಮ ಪ್ರಮಾಣದ ಕೊರತೆ ಇತ್ತು. ಪದಗಳನ್ನು ಸರಾಗ ಹೆಕ್ಕುವುದರಲ್ಲಿ, ಹೊಸದನ್ನು ಕಲಿಯುವುದರಲ್ಲಿ, ಕೇಳಿದ್ದನ್ನು ಕೆಲಸ ಮುಗಿಯುವ ತನಕ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದರಲ್ಲಿ. ಅವರೆಲ್ಲ ಎಂದಿನಂತೆ ಕೆಲಸಕ್ಕೆ ಹೋಗಿಬರುತ್ತಿದ್ದವರು. ಅಲ್ಲದೆ ದಕ್ಷಿಣ ಆಫ್ರಿಕಾದ ಕಡೆಯ ಸಿ ವೈರಸ್ಸುಗಳಲ್ಲಿ ಹಲವಕ್ಕೆ ಜೋಡಿ ಸಿಸ್ಟೀನ್ ಮುರಿದೇ ಇಲ್ಲ. ಪ್ರಭೇದದ ಹೆಸರು ಒಂದೇ ಆದ ಮಾತ್ರಕ್ಕೆ ಗುಣ ಒಂದೇ ಅಲ್ಲ.

ಈ ‘ನೂರಕ್ಕೆ ಅರವತ್ತು’, ‘ನೂರಕ್ಕೆ ಐವತ್ತು’ ಎಂಬ ಅಂಕಿಗಳ ಬಗ್ಗೆ ನನಗೊಂದು ಅನುಮಾನ ಮೊದಲಿಂದಲೂ ಇತ್ತು, ಪರಿಣತರಿಗೂ ಇದೆ ಎಂದು ತಿಳಿದಾಗ ಸಮಾಧಾನವಾಯಿತು. ಅಮೆರಿಕದ ‘ಚಾರ್ಟರ್’ ಅಧ್ಯಯನ 1,555 ಜನರನ್ನು ನೋಡಿ 2010ರಲ್ಲಿ ಹೇಳಿದ್ದು, ಶೇಕಡಾ 52 ಜನರಲ್ಲಿ ಕೊರತೆ ಎಂದು. ಗಾಬರಿಯಾಗುವ ಸಂಖ್ಯೆ. ಒಳಹೊಕ್ಕು ನೋಡಿದರೆ ಡಿಮೆನ್ಷಿಯಾ ಎನ್ನುವಂಥದ್ದು ಬರೀ ಶೇಕಡಾ 2. ಮೂರನೆಯ ಒಂದು ಭಾಗ ಜನ ಯಾವ ತೊಂದರೆಯೂ ಇಲ್ಲದವರು, ಪರೀಕ್ಷೆಯಲ್ಲಿ ಮಾತ್ರ ಅಂಕ ಕಡಿಮೆ ಬಂದವರು. ಇಟಲಿಯ ಫ್ರಸ್ಕಾಟಿ ಊರಿನ ಹೆಸರಿನ 2007ರ ಮಾನದಂಡದ ಪ್ರಕಾರ, ಎರಡು ವಿಭಾಗಗಳಲ್ಲಿ ಸರಾಸರಿಗಿಂತ ಒಂದು ಮೆಟ್ಟಿಲು ಕೆಳಗಿದ್ದರೆ ಕೊರತೆ ಎಂದೇ ಲೆಕ್ಕ. ಆ ಮೆಟ್ಟಿಲು ಎಷ್ಟು ತಗ್ಗಿನದೆಂದರೆ, ಸೋಂಕೇ ಇಲ್ಲದ ನೂರು ಜನರನ್ನು ಕೂರಿಸಿದರೂ ಹೆಚ್ಚುಕಡಿಮೆ ಇಪ್ಪತ್ತು ಜನ ಅದರ ಕೆಳಗೆ ಬೀಳುತ್ತಾರೆ ಎಂದು ಸ್ವೀಡನ್ನಿನ ತಜ್ಞರು 2011ರಲ್ಲೇ ತಕರಾರು ತೆಗೆದಿದ್ದರು. ಇನ್ನು ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಟೈಲರನ್ನು ಕಾಲೇಜು ಓದಿದವರ ಸರಾಸರಿಯ ಪಕ್ಕ ನಿಲ್ಲಿಸಿದರಂತೂ ಕೇಳುವುದೇ ಬೇಡ. ಕಡಿಮೆ ಅಂಕವನ್ನೇ ಕಾಯಿಲೆ ಎನ್ನಬಾರದು, ರೋಗಿಯ ದೂರು, ಹಿನ್ನೆಲೆ, ಬೇರೆ ಕಾರಣ ಎಲ್ಲ ಕೂಡಿಸಿ ನೋಡಬೇಕು ಎಂದು 2023ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಹೊಸ ಪ್ರಸ್ತಾವ ಮುಂದಿಟ್ಟಿದೆ. ನನ್ನ ಪ್ರಕಾರ ಇದು ಬರೀ ಪರಿಭಾಷೆಯ ಜಗಳವಲ್ಲ. ಎಚ್‌ಐವಿ ಎಂಬ ಒಂದು ಹಣೆಪಟ್ಟಿಯನ್ನೇ ಹೊತ್ತು ಸಾಕಾದವರ ಹಣೆಗೆ ‘ಬುದ್ಧಿ ಕಮ್ಮಿ’ ಎಂಬ ಎರಡನೆಯ ಪಟ್ಟಿ ಅಂಟಿಸುವ ಮುನ್ನ ನಾಲ್ಕು ಸಲ ಅಳೆಯಬೇಕು.

ಔಷಧಿಯಿಂದ ಏನಾಗುತ್ತದೆ? ಬಹಳವೇ ಆಗುತ್ತದೆ. 1987ರಲ್ಲಿ ಬಂದ ಮೊದಲ ಔಷಧಿ ಜಿಡೋವುಡೀನ್ ಒಂದೇ ಕೊಟ್ಟಾಗಲೂ ಕೆಲವರ ಯೋಚನೆ ಚುರುಕಾದದ್ದು ದಾಖಲಾಗಿದೆ. 1996ರ ಬಳಿಕ ಮೂರು ಔಷಧಿ ಕೂಡಿಸಿ ಕೊಡತೊಡಗಿದ ಮೇಲೆ ಹಾಸಿಗೆ ಹಿಡಿಸುವಂಥ ಡಿಮೆನ್ಷಿಯಾ ವಿರಳವಾಯಿತು. ನಮ್ಮಲ್ಲಿ ಸರ್ಕಾರ ಉಚಿತ ಎ.ಆರ್.ಟಿ. ಆರಂಭಿಸಿದ್ದು 2004ರ ಏಪ್ರಿಲ್ 1ರಿಂದ. ಆದರೆ ಆಗ ಸಿಡಿ4 ಎಣಿಕೆ, ಎಂದರೆ ರಕ್ತದಲ್ಲಿ ಆ ಚಿಲಕವಿರುವ ರಕ್ಷಣಾ ಕಣಗಳ ಸಂಖ್ಯೆ, ಒಂದು ಮಟ್ಟಕ್ಕಿಂತ ಇಳಿಯುವ ತನಕ ಕಾಯಬೇಕಿತ್ತು. ಪತ್ತೆಯಾದವರಿಗೆಲ್ಲ ತಕ್ಷಣ ಔಷಧಿ ಎಂಬ ನೀತಿ ಬಂದದ್ದು 2017ರಲ್ಲಿ. ಮಿದುಳಿನ ಮಟ್ಟಿಗೆ ಈ ಕಾಯುವಿಕೆ ದುಬಾರಿ. ಸಿಡಿ4 ಎಂದಾದರೂ ಒಮ್ಮೆ ಎಷ್ಟು ತಳ ಮುಟ್ಟಿತ್ತೋ ಅಷ್ಟಕ್ಕೆ ಅನುಗುಣವಾಗಿ ಮುಂದೆ ಕೊರತೆ ಉಳಿಯುವ ಸಾಧ್ಯತೆ ಹೆಚ್ಚು, ಆಮೇಲೆ ಎಣಿಕೆ ಏರಿದರೂ.

ನಮ್ಮ ಟೈಲರ್ ಬಂದದ್ದು ತಡವಾಗಿ, ಸಿಡಿ4 ನೂರರ ಕೆಳಗಿದ್ದಾಗ. ವೈದ್ಯರು ತಕ್ಷಣ ಎಚ್‌ಐವಿಯ ಮೇಲೆ ತಪ್ಪು ಹೊರಿಸಲಿಲ್ಲ. ಬೆನ್ನುನೀರು ತೆಗೆದು ಕ್ಷಯ, ಶಿಲೀಂಧ್ರ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಸಿಫಿಲಿಸ್, ಥೈರಾಯ್ಡ್, ಬಿ12 ನೋಡಿದರು. ಕುಡಿತ ಎಷ್ಟು ಎಂದು ಹೆಂಡತಿಯನ್ನು ಬೇರೆ ಕೂರಿಸಿ ಕೇಳಿದರು. ಖಿನ್ನತೆ ಇತ್ತು. ಇರದೆ ಏನು. ಖಿನ್ನತೆಯೊಂದೇ ಮನುಷ್ಯನನ್ನು ಇಷ್ಟು ನಿಧಾನ ಮಾಡಬಲ್ಲದು, ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಮಾತ್ರೆ ಮರೆಯುವುದು ದೊಡ್ಡ ಚಿಂತೆಯಾಗಿತ್ತು, ಏಕೆಂದರೆ ಇಲ್ಲೊಂದು ವಿಷವರ್ತುಲ ಇದೆ: ಮರೆವಿಗೆ ಮದ್ದು ಮಾತ್ರೆ, ಮಾತ್ರೆಗೆ ಅಡ್ಡಿ ಮರೆವು, ಬಿಟ್ಟು ಬಿಟ್ಟು ನುಂಗಿದರೆ ವೈರಸ್ಸು ಔಷಧಿಗೆ ಬಗ್ಗದಂತಾಗುತ್ತದೆ. ಗೆಳತಿ ಮೊಬೈಲಿನಲ್ಲಿ ಅಲಾರಂ ಇಡಿಸಿದಳು, ಅದು ಕೆಲಸಕ್ಕೆ ಬರಲಿಲ್ಲ, ಆತ ಅದನ್ನು ಆರಿಸಿ ಹೊಲಿಗೆ ಮುಂದುವರಿಸುತ್ತಿದ್ದ. ಕೊನೆಗೆ ಹೆಂಡತಿಯೇ ಉಪಾಯ ಮಾಡಿದಳು. ರಾತ್ರಿ ಊಟದ ತಾಟಿನಲ್ಲಿ ರೊಟ್ಟಿಯ ಪಕ್ಕ, ಉಪ್ಪಿನಕಾಯಿ ಇಡುವ ಜಾಗದಲ್ಲಿ ಮಾತ್ರೆ. ಅದನ್ನು ನುಂಗಿದ ಮೇಲೆ ಪಲ್ಯ. ಒಂದು ವರ್ಷವಾಗುವ ಹೊತ್ತಿಗೆ ಅಂಗಡಿಯಲ್ಲಿ ಟೇಪು ಒಂದೇ ಸಲ ಕುತ್ತಿಗೆ ಸುತ್ತುತ್ತಿತ್ತು. ಆದರೆ ಕಾಜದ ಕೆಲಸವನ್ನು ಆತ ಹುಡುಗನಿಗೆ ಬಿಟ್ಟುಕೊಟ್ಟಿದ್ದ, ಮತ್ತೆ ತೆಗೆದುಕೊಳ್ಳಲಿಲ್ಲ.

ಪೂರ್ತಿ ಮರಳದೆ ಇರುವುದಕ್ಕೆ ಕಾರಣ ಹಲವು ಇರಬಹುದು. ಒಣಗಿದ ಕೊಂಬೆ ಎಲ್ಲ ಚಿಗುರುವುದಿಲ್ಲ. ಕೆಲವರಲ್ಲಿ ರಕ್ತದಲ್ಲಿ ವೈರಸ್ಸು ಕಾಣದಿದ್ದಾಗಲೂ ಬೆನ್ನುನೀರಿನಲ್ಲಿ ಕಾಣುತ್ತದೆ, ಆಗ ಔಷಧಿ ಬದಲಿಸಬೇಕಾಗುತ್ತದೆ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ತಮ್ಮ ಪಾಲು ಸೇರಿಸುತ್ತವೆ, ಎ.ಆರ್.ಟಿ. ನುಂಗುತ್ತ ಅರವತ್ತು ದಾಟಿದವರು ಈಗ ನಮ್ಮ ಜಿಲ್ಲಾ ಆಸ್ಪತ್ರೆಗಳ ಸಾಲಿನಲ್ಲೂ ಇದ್ದಾರೆ. ಇನ್ನೊಂದು ಕಾರಣವನ್ನು ಹೇಳಿಕೊಟ್ಟವರು ಸತ್ತವರು. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ, ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗೆಂದು ಕಾಪಿಡುತ್ತಾರೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 2017ರಲ್ಲಿ ಶುರುವಾದ ‘ಲಾಸ್ಟ್ ಗಿಫ್ಟ್’ ಎಂಬ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ. ಎಚ್‌ಐವಿ ಇದ್ದು, ಬೇರೆ ಯಾವುದೋ ಕಾಯಿಲೆಯಿಂದ ಇನ್ನು ಕೆಲವೇ ತಿಂಗಳು ಎಂದು ಗೊತ್ತಾದವರು ಬದುಕಿರುವಾಗಲೇ ಒಪ್ಪಿಗೆ ಕೊಟ್ಟಿರುತ್ತಾರೆ. ಉಸಿರು ನಿಂತ ಆರು ಗಂಟೆಯೊಳಗೆ ಅವರ ಅಂಗಾಂಶಗಳನ್ನು ತೆಗೆಯುತ್ತಾರೆ, ಕೋಶಗಳು ಇನ್ನೂ ಜೀವಂತ ಇರುವಾಗಲೇ. ಅಂಥವರ ಮಿದುಳಿನಿಂದ ಬೇರ್ಪಡಿಸಿದ ಮೈಕ್ರೋಗ್ಲಿಯಾಗಳ ಬಗ್ಗೆ 2023ರಲ್ಲಿ ವರದಿ ಬಂತು. ವರ್ಷಗಟ್ಟಲೆ ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ಸನ್ನು ಅಡಗಿಸಿದ್ದವರು ಅವರು. ಪ್ರಯೋಗಾಲಯದಲ್ಲಿ ಆ ಕೋಶಗಳನ್ನು ಸಾಕಿ ನೋಡಿದಾಗ, ಒಳಗೆ ಮಲಗಿದ್ದ ವೈರಸ್ಸು ಎದ್ದು ಹೊರಬಂದು ಬೇರೆ ಕೋಶಗಳಿಗೆ ಸೋಂಕು ತಗುಲಿಸಿತು.